ನಡುಗಡ್ಡೆಯ ಸೊಂಟ

ಅಂಚು ಮೊದಲು ಆರುತ್ತದೆ, ಆಮೇಲೆ ಬೆನ್ನು, ಒಂದು ಬಿಂದಿಗೆ ನೀರು ಕಲ್ಲಿನ ಮೇಲೆ ಆರುವುದನ್ನು ಈ ಹನ್ನೊಂದು ತಿಂಗಳಲ್ಲಿ ಎಷ್ಟು ಸಲ ನೋಡಿದ್ದಾಳೋ, ಕಪ್ಪು ಹೋಗಿ ಬೂದಿ ಬರುತ್ತದೆ, ಬೂದಿಯೊಳಗಿಂದ ಸಣ್ಣ ಸಣ್ಣ ಹೊಳಪು ಏಳುತ್ತದೆ, ಏಳು ಗಂಟೆಯ ಬಿಸಿಲಿಗೆ ಅಷ್ಟು ಬಲವಿಲ್ಲದಿದ್ದರೂ ಆರುತ್ತದೆ, ಎಲ್ಲ ಆರಿತು, ಸೊಂಟದ ಹತ್ತಿರ ಒಂದು ಗೆರೆ ಮಾತ್ರ ಆರಲಿಲ್ಲ. ಕೂದಲೆಳೆಯಷ್ಟು. ನಾಗಶ್ರೀ ವೇಲಿನ ತುದಿಯಿಂದ ಒರೆಸಿದಳು, ಒರೆಸಿದರೆ ಹೋಗುವಂಥದ್ದಲ್ಲ ಎಂದು ಗೊತ್ತಿದ್ದೂ ಒರೆಸಿದಳು, ಬಿರುಕು ಬಿಟ್ಟ ಜಾಗದಲ್ಲಿ ನೀರು ಒಳಗಿಳಿದು ಕೂತಿರುತ್ತದೆ, ಬಿಸಿಲು ಅದನ್ನು ಮುಟ್ಟುವುದಿಲ್ಲ, ಇದನ್ನು ಕಲಿಸಿದವನು ಕಲ್ಲುಕುಟಿಗ ಚಿಕ್ಕಮಾದಪ್ಪ ತಾತನೇ, ನೀರು ಉಯ್ದು ನೋಡು ಕೂಸು, ಯಾವ್ದು ಕೊನೆಗೆ ಒಣಗ್ತದೋ ಅಲ್ಲೇ ಅದೆ ಕಲ್ಲಿನ ಕಾಯಿಲೆ — ಅವನು ಈಗ ಮಧುವನಹಳ್ಳಿಯಿಂದ ಸೈಕಲ್ಲು ತಳ್ಳಿಕೊಂಡು ಬರುತ್ತಿರಬೇಕು, ಹನೂರು ರಸ್ತೆಯ ಈ ಶೆಡ್ಡಿಗೆ ಎಂಟಕ್ಕೆ ಮುಂಚೆ ಅವನು ಬಾರದ ದಿನವಿಲ್ಲ, ಹತ್ತಕ್ಕೆ ರಂಗರಾಜು ಹೈಡ್ರಾ ತರುತ್ತಾನೆ, ಆ ಹಳದಿ ಕ್ರೇನು, ನಡುವಿಗೆ ಬೆಲ್ಟು ಹಾಕಿ ಎತ್ತಿ ಲಾರಿಗಿಟ್ಟು ಕೊಳ್ಳೇಗಾಲ ದಾಟಿಸಿ ಹೊಳೆದಂಡೆಗೆ, ಅಜ್ಜಿಯ ಊರಿಗೆ, ಪಂಚಾಯ್ತಿಯವರು ಸೋಪಾನದ ಪಕ್ಕ ಬಿಟ್ಟುಕೊಟ್ಟ ಬಯಲಿಗೆ. ಅಲ್ಲಿ ಇದು ಹೊಳೆಯ ನಡುಗಡ್ಡೆಗೆ ಎದುರಾಗಿ ಮಲಗಬೇಕು, ಏಳಡಿ ಉದ್ದದ ಕಲ್ಲಿನ ನಡುಗಡ್ಡೆ, ಬೇಲಿ ಬೇಡ, ಮಕ್ಕಳು ಹತ್ತಲಿ, ಬಟ್ಟೆ ಒಗೆದು ಬಂದವರು ಕೂರಲಿ, ಅರ್ಜಿಯಲ್ಲಿ ಅವಳೇ ಹಾಗೆ ಬರೆದುಕೊಟ್ಟದ್ದು. ಕೂರುವುದಾದರೂ ಎಲ್ಲಿ, ಸೊಂಟದಲ್ಲೇ, ಅಲ್ಲೇ ಅವಳು ಕಲ್ಲನ್ನು ತೆಳ್ಳಗೆ ಮಾಡಿ ಮಡಿಲಿನ ಹಾಗೆ ತಗ್ಗಿಸಿರುವುದು, ಬೆಲ್ಟು ಬೀಳುವುದೂ ಅಲ್ಲೇ, ಮತ್ತೆ ಕಲ್ಲು ಗಾಳಿಯಲ್ಲಿರುವಾಗ ಚಿಕ್ಕಮಾದಪ್ಪ ಅದರ ಮೇಲೊಂದು ಕೈಯಿಟ್ಟುಕೊಂಡು ಜೊತೆಗೇ ನಡೆಯುತ್ತಾನೆ, ಎತ್ತನ್ನು ನೀರಿಗೆ ಕರೆದೊಯ್ಯುವವನ ಹಾಗೆ, ದೂರ ನಿಲ್ಲು ಅಂದರೆ ಕೇಳುವವನಲ್ಲ. ಗೆರೆ ಇನ್ನೂ ಆರಿಲ್ಲ.

ಗೆರೆ ಕಂಡದ್ದು ಇವತ್ತು, ಕೇಳಿಸಿದ್ದು ಮೊದಲ ದಿನವೇ. ಹನೂರಿನ ಆಚೆ ಕ್ವಾರಿಯಲ್ಲಿ ಆ ದಿನ ಆರು ಜನ ನಿಂತಿದ್ದರು, ಕಲ್ಲು ಆರಿಸಿಕೊಡಲು ಬಂದವನು ಚಿಕ್ಕಮಾದಪ್ಪ, ಕ್ವಾರಿಯವರ ಬಾಯಲ್ಲಿ ಕಿವಿ ಮಾದಪ್ಪ, ನಲವತ್ತು ವರ್ಷದಿಂದ ಅವನು ಬಡಿದು ಕೇಳಿ ಎತ್ತು ಅಂದ ಕಲ್ಲು ಎಲ್ಲಿಯೂ ಒಡೆದದ್ದಿಲ್ಲ, ಸಾ ಸಾ ಅನ್ನುತ್ತ ಮಾಲೀಕರೇ ಕಾರು ಕಳಿಸುತ್ತಿದ್ದರಂತೆ. ಅವನು ಮೂರು ಸಲ ಬಡಿಯುತ್ತಾನೆ, ತಲೆಗೊಂದು, ನಡುವಿಗೊಂದು, ಬಾಲಕ್ಕೊಂದು, ಒಳ್ಳೆಯದಾದರೆ ಮಾತಾಡ್ತದೆ ಎತ್ತು ಅನ್ನುತ್ತಾನೆ, ಕೆಟ್ಟದ್ದಾದರೆ ಮಾತಾಡಕ್ಕಿಲ್ಲ, ಅಷ್ಟೇ, ಮತ್ತೆ ಅವನು ಹೇಳಿದ ಮೇಲೆ ಇನ್ನೊಬ್ಬರು ಆ ಕಲ್ಲಿಗೆ ಸುತ್ತಿಗೆ ತಾಗಿಸುವಂತಿಲ್ಲ, ಅದು ಹಿರಿಯನ ಕಿವಿಗೆ ಉಗುಳಿದಷ್ಟೇ ಅನ್ನುತ್ತಾರೆ, ಒಮ್ಮೆ ಕಂಟ್ರಾಕ್ಟರ್ ಕಡೆಯವನೊಬ್ಬ ಗೊತ್ತಿಲ್ಲದೆ ತಾನೂ ಒಂದೇಟು ಹಾಕಿ ನೋಡಿದನಂತೆ, ಚಿಕ್ಕಮಾದಪ್ಪ ಮಾತಿಲ್ಲದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮಧುವನಹಳ್ಳಿಯವರೆಗೂ ನಡೆದೇ ಹೋದನಂತೆ, ಒಂದು ವರ್ಷ ಆ ಕ್ವಾರಿಯ ಕಡೆ ತಲೆ ಹಾಕಲಿಲ್ಲವಂತೆ. ಆ ದಿನ ತಲೆಗೆ ಬಡಿದ, ಠಣ್ ಎಂದಿತು, ನಡುವಿಗೆ ಬಡಿದ, ಡಕ್, ಬಾಲಕ್ಕೆ ಬಡಿದ, ಠಣ್, ಅವನು ಮಾತಾಡ್ತದೆ ಎತ್ತು ಅಂದ. ನಡುವಿನದ್ದು ಡಕ್ ಎಂದಿತಲ್ಲ, ಬಾಗಿಲು ಹಾಕಿದ ಕೋಣೆಯೊಳಗೆ ಯಾರೋ ಕೆಮ್ಮಿದ ಹಾಗೆ, ಆದರೆ ಅವಳು ಯಾರು ಹೇಳುವುದಕ್ಕೆ, ಮೈಸೂರಿನಲ್ಲಿ ಐದು ವರ್ಷ ಓದಿ ಯಳಂದೂರಿನಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡುವವಳು, ಕಲ್ಲಿನ ಕೆಳಗೆ ಮಣ್ಣಿತ್ತು, ಮಣ್ಣು ಸದ್ದನ್ನು ನುಂಗಿರಬಹುದು, ನಲವತ್ತು ವರ್ಷದ ಕಿವಿಗೆ ಗೊತ್ತಿರುವುದು ಅವಳ ಕಿವಿಗೆ ಗೊತ್ತಿಲ್ಲದೆ ಇರಬಹುದು. ಸುಮ್ಮನಿದ್ದಳು. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವಲ್ಲ, ಮನೆಯಲ್ಲೂ ಶಾಲೆಯಲ್ಲೂ ಅವಳನ್ನು ಹೊಗಳುತ್ತಿದ್ದದ್ದು ಅದಕ್ಕೇ, ನಮ್ಮ ನಾಗಶ್ರೀ ಬಾಯಿ ಬಿಡೋದಿಲ್ಲ, ಮೊಕದಲ್ಲೂ ಏನೂ ತೋರಿಸೋದಿಲ್ಲ, ಗಂಭೀರ — ಆ ಮಾತು ಅವಳಿಗೆ ಇಷ್ಟವಾಗುತ್ತಿತ್ತು, ಇಲ್ಲವೆನ್ನುವುದೇಕೆ.

ಸೊಂಟವಿಲ್ಲದೆ ಮಾಡಬಹುದಿತ್ತೇ, ಇಲ್ಲ, ಸೊಂಟವೇ ತಾನೇ ಎಲ್ಲ. ಅಜ್ಜಿ ಪುಟ್ಟಬಸಮ್ಮನ ಮನೆಯ ಹಿತ್ತಿಲಿನಿಂದ ನೋಡಿದರೆ ಹೊಳೆಯ ನಡುವೆ ಅದು ಮಲಗಿರುತ್ತಿತ್ತು, ಬೇಸಿಗೆಯಲ್ಲಿ ಉದ್ದಕ್ಕೆ ಒಂದೇ, ಹೊಳೆ ಏರಿದಾಗ ನಡುವಿನ ತಗ್ಗು ಮೊದಲು ಮುಳುಗಿ ಎರಡು ಗುಡ್ಡೆಯಾಗುತ್ತಿತ್ತು, ಇಳಿದಾಗ ಮತ್ತೆ ಒಂದು, ಬಂಡೆಯ ಮೇಲೆ ನೀರು ನಿಂತು ಹೋದ ಗುರುತುಗಳು ಒಂದರ ಕೆಳಗೊಂದು, ಅಜ್ಜಿ ರಾಗಿ ಕೇರುತ್ತ ಅದನ್ನೇ ನೋಡುತ್ತಿದ್ದಳು, ಏನು ನೋಡ್ತಿದ್ದೀಯ ಅಂದರೆ, ಸೊಂಟ ಬುಟ್ಟದ ನೋಡ್ತಿವ್ನಿ, ಬುಟ್ರೆ ಎಮ್ಮೆ ಒಡಕ ಓಗಬೋದು. ಅಷ್ಟೇ, ನೀರಿಳಿದು ತಗ್ಗು ಬಿಟ್ಟರೆ ಎಮ್ಮೆ ಹೊಡೆದುಕೊಂಡು ಅಲ್ಲಿಗೆ ದಾಟುವ ಮೇವಿನ ಲೆಕ್ಕ, ಆದರೆ ಒಂಬತ್ತು ವರ್ಷದ ನಾಗಶ್ರೀಗೆ ನೀರೊಳಗಿಂದ ಆ ತಗ್ಗು ಮೇಲೆ ಬರುವುದು ಯಾರೋ ಉಸಿರು ಬಿಟ್ಟಂತೆ ಕಾಣುತ್ತಿತ್ತು, ಎಷ್ಟೋ ವರ್ಷ ಆ ಆಕಾರ ಕೈಯೊಳಗೇ ಇತ್ತು, ಮಣ್ಣಿನಲ್ಲಿ ಮಾಡಿದಳು, ಸಾಬೂನಿನಲ್ಲಿ ಮಾಡಿದಳು, ಕೊನೆಗೆ ಈ ಕಲ್ಲು. ಮೊದಲ ಎರಡು ತಿಂಗಳು ಬರೀ ಮೇಲು ಪದರ ತೆಗೆದದ್ದು, ಚಿಕ್ಕಮಾದಪ್ಪ ದೊಡ್ಡ ಉಳಿ ಹಿಡಿದು ಆ ಕಡೆ, ಅವಳು ಈ ಕಡೆ, ಆಗಲೇ ಒಂದು ಹಾವು ಬಂದದ್ದು, ಕಲ್ಲಿನ ಚಕ್ಕೆಗಳ ರಾಶಿಯಿಂದ ಅವನ ಹಿಮ್ಮಡಿಯ ಹತ್ತಿರಕ್ಕೆ, ತಾತಾ ಹಾವು ಎಂದು ಅವಳು ಕಿರುಚಿದಳು, ರಸ್ತೆಯಲ್ಲಿ ಹೋಗುತ್ತಿದ್ದವನು ಬೈಕು ನಿಲ್ಲಿಸಿದ, ಚಿಕ್ಕಮಾದಪ್ಪ ಉಳಿಗೆ ಹೊಡೆಯುತ್ತಲೇ ಇದ್ದ, ತಿರುಗಲಿಲ್ಲ, ಹಾವು ಅವನ ಚಪ್ಪಲಿ ದಾಟಿಕೊಂಡು ಹೋದ ಮೇಲೆ ತಲೆಯೆತ್ತಿ ಅವಳ ಬಾಯಿ ನೋಡಿದ, ನೋಡಿ ಅರ್ಥ ಮಾಡಿಕೊಂಡು, ಅದ್ರ ಪಾಡಿಗೆ ಅದು ಓಯ್ತದೆ ಬುಡು ಕೂಸು ಅಂದ. ಆ ಬೈಕಿನವನು ಎಂಥಾ ಗುಂಡಿಗೆ ನಿಮ್ಮ ತಾತಂದು ಅಂದ. ಗುಂಡಿಗೆಯಲ್ಲ, ಕಿವಿ. ಎರಡು ಸಲ ಕರೆದರೂ ತಿರುಗದ ಗತ್ತು, ಏನಂದೆ ಮಿಷನ್ ಸದ್ದು ಅನ್ನುವುದು, ಎದುರಿಗೇ ನಿಂತು ಮಾತಾಡು ಅನ್ನುವುದು, ಎಲ್ಲ ಒಂದೇ ಸಲ ಬಿಡಿಸಿಕೊಂಡಿತು, ಅದರ ಹಿಂದೆಯೇ ಆ ಡಕ್ ಕೂಡ. ಅವತ್ತೇ ಹೇಳಬಹುದಿತ್ತು, ಎರಡು ತಿಂಗಳ ಕೆಲಸವಷ್ಟೇ ಹೋಗುತ್ತಿತ್ತು. ಹೇಳುವುದು ಹೇಗೆ, ತಾತ ನಿನಗೆ ಕಿವಿ ಕೇಳೋದಿಲ್ಲ ಎಂದೇ, ಕಿವಿ ಮಾದಪ್ಪನಿಗೆ, ಕಿವಿಯೊಂದನ್ನು ಬಿಟ್ಟರೆ ಆರು ಗುಂಟೆ ಹುರುಳಿ ಹೊಲವೂ ಕೆಮ್ಮೂ ಮಾತ್ರ ಇರುವವನಿಗೆ. ಬಿರುಕು ಇಲ್ಲದೆಯೂ ಇರಬಹುದು ಅಂದುಕೊಂಡಳು. ಇದ್ದರೂ ಮೇಲಿನದಷ್ಟೇ ಇರಬಹುದು. ಕೆತ್ತುತ್ತ ಹೋದರೆ ಅದೇ ಹೋಗಿಬಿಡಬಹುದು. ಹೀಗೆ ಅಂದುಕೊಳ್ಳುತ್ತ ಒಂಬತ್ತು ತಿಂಗಳು, ಸೊಂಟವನ್ನು ಬೆರಳಷ್ಟು ಬೆರಳಷ್ಟೇ ತಗ್ಗಿಸುತ್ತ, ತಗ್ಗಿಸಿದಷ್ಟೂ ಉಳಿಯ ಕೆಳಗೆ ಸದ್ದು ದಪ್ಪವಾಗುತ್ತ, ಅವನು ಎದುರಿಗೇ ಕೂತು ಬೀಡಿ ಹಚ್ಚಿಕೊಂಡು, ಚೆಂದಾಗಾಯ್ತಾ ಅದೆ ಕಣವ್ವ, ನಿಮ್ಮಜ್ಜಿ ಎಮ್ಮೆ ಒಡಕ ಓಗಬೋದು ಈಗ.

ಸೈಕಲ್ಲಿನ ಸ್ಟ್ಯಾಂಡು ಕಿರ್ ಎಂದಿತು, ಬಂದ. ಇವತ್ತು ಬಿಳಿ ಅಂಗಿ ಹಾಕಿದ್ದಾನೆ, ಹಣೆಗೆ ವಿಭೂತಿ, ಕಲ್ಲು ಸಾಗಿಸುವ ದಿನವೆಂದು ಮುಖ ಕ್ಷೌರ ಮಾಡಿಸಿಕೊಂಡಿದ್ದಾನೆ, ನೀರುಯ್ದ್ಯಾ ಅಂದ, ಹೂಂ ಅಂದಳು, ಅವನು ಬರುವಷ್ಟರಲ್ಲಿ ಗೆರೆಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದಳು, ಯಾವಾಗ ಹೊದಿಸಿದೆ ಎಂದು ಅವಳಿಗೇ ಗೊತ್ತಿಲ್ಲ. ರಸ್ತೆಯಲ್ಲಿ ಕುಂತೂರು ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರುಗಳು, ಒಂದರ ಹಿಂದೆ ಒಂದು, ಅವುಗಳ ನಡುವೆ ದಾರಿ ಬಿಡಿಸಿಕೊಂಡು ಹೈಡ್ರಾ ಒಂಬತ್ತೂವರೆಗೇ ಬಂದುಬಿಟ್ಟಿತು, ಲಾರಿ ಅದರ ಬೆನ್ನಿಗೆ, ರಂಗರಾಜು ಮೇಲಿಂದಲೇ ಕೂಗಿದ, ಮೇಡಂ, ಎಲ್ಲಿ ನಿಮ್ ದ್ವೀಪ, ಓ ಇದಾ, ನಮ್ಮನೆ ಎಮ್ಮೆ ಮನಗಿರಂಗದೆ ಕಣ್ರಿ, ಕೊಂಬೊಂದು ಇಟ್ಬುಡಿ, ನಾಳೆಯಿಂದ ಕುಂಕುಮ ಬೀಳ್ತದೆ. ಲೇ ರಂಗ, ನಿನ್ ಹೈಡ್ರಾಗೆ ಮೊದ್ಲು ಅರಿಸಿನ ಕುಂಕುಮ ಇಡ್ಸು, ಓದ್ವಾರ ಚೈನು ಬಿಚ್ಕಂಡು ಕಂಬ ಬೀಳುಸ್ದಲ್ಲ, ಚಿಕ್ಕಮಾದಪ್ಪ ಅವನ ತುಟಿಗಳನ್ನು ನೋಡಿಕೊಂಡೇ ಅಂದ, ರಂಗರಾಜು ನಗುತ್ತ ಬೆಲ್ಟು ಎಳೆದು ಕೆಳಗೆ ಹಾಕಿದ, ಎಲ್ಲಿಗೆ ಆಕ್ಲಿ ಯಜಮಾನ್ರೇ, ಸೊಂಟುಕ್ಕೇ ತಾನೇ. ಸೊಂಟಕ್ಕೇ ಆಕು. ಅವಳು ಎದುರಿಗೆ ಬಂದು ನಿಂತಳು, ತಾತನ ಎದುರಿಗೆ, ಅವನ ಕಣ್ಣು ತನ್ನ ಬಾಯಿಯ ಮೇಲೆ ಕೂರುವವರೆಗೂ ಕಾದಳು, ಬೆಳಗಿನಿಂದ ಜೋಡಿಸಿಟ್ಟಿದ್ದ ಸುಳ್ಳು ಸಲೀಸಾಗಿ ಬಂತು, ತಾತ ನನ್ನ ಲೆಕ್ಕ ತಪ್ಪಿದೆ, ಸೊಂಟ ತುಂಬಾ ಸಣ್ಣಗೆ ತೆಗೆದುಬಿಟ್ಟಿದ್ದೀನಿ, ಎತ್ತಿದರೆ ತಡೆಯೋದಿಲ್ಲ, ಇಲ್ಲೇ ಎರಡು ತುಂಡು ಮಾಡಿ ಸಾಗಿಸೋಣ, ಅಲ್ಲಿ ಪಕ್ಕ ಪಕ್ಕ ಇಟ್ಟರಾಯಿತು. ರಂಗರಾಜು ಅಯ್ಯೋ ಅಂದ. ಆಮೇಲೆ ಚಿಕ್ಕಮಾದಪ್ಪ, ಅನ್ನೊಂದು ತಿಂಗ್ಳು ಕಣವ್ವ, ತಲೆ ಕೆಟ್ಟದಾ ನಿಂಗೆ, ನಾ ಕೈ ಕೊಡ್ತೀನಿ, ಒಂದು ಕೂದ್ಲು ಕೊಂಕಕ್ಕಿಲ್ಲ, ಮಾತಾಡೋ ಕಲ್ಲಿದು. ಅದು ಮಾತಾಡುವ ಕಲ್ಲಲ್ಲ ಎಂಬುದು ಅವಳ ನಾಲಿಗೆಯ ತುದಿಗೆ ಬಂತು, ಬಿಳಿ ಅಂಗಿ, ಕ್ಷೌರದ ಕೆನ್ನೆ, ಬೆಲ್ಟು ಹಿಡಿದು ನಿಂತ ರಂಗರಾಜು, ನಾಳೆ ಹನೂರಿನಿಂದ ಕೊಳ್ಳೇಗಾಲದವರೆಗೂ ಸುದ್ದಿ, ಮಾತು ಹೊರಗೆ ಬರಲಿಲ್ಲ. ನಂದೇ ತಪ್ಪು ತಾತ, ಒಡೆದುಕೊಡು ಅಂದಳು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ನೀಲಿಯಾಗಿತ್ತು, ಅವನು ಅದರ ಕಡೆ ತಿರುಗಿ ಅಂಗಿ ಬಿಚ್ಚಿ ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿದ.

ಗೋಣಿ ಸರಿಸಿದಾಗ ಎಲ್ಲವೂ ಒದ್ದೆ, ಗೆರೆ ಕಾಣಲಿಲ್ಲ, ಎಲ್ಲಿ ಒಡೆಯಬೇಕೆಂದು ಅವಳೇ ಸೀಮೆಸುಣ್ಣದಲ್ಲಿ ಗೀಟು ಎಳೆದಳು, ಗೆರೆಯ ಮೇಲೆಯೇ. ಡ್ರಿಲ್ಲು ಹಿಡಿದು ಅವನು ಸಾಲಾಗಿ ಏಳು ತೂತು ಹಾಕಿದ, ತೂತಿಗೊಂದು ಬೆಣೆ, ದೊಡ್ಡ ಸುತ್ತಿಗೆಯಿಂದ ಒಂದೊಂದಕ್ಕೂ ಒಂದೊಂದೇಟು, ಮತ್ತೆ ಮೊದಲಿಂದ, ಈ ಜಾತಿಯ ಕಲ್ಲು ಗಟ್ಟಿಯಿದ್ದರೆ ಬೆಣೆಯ ಸುತ್ತು ಹತ್ತೋ ಹನ್ನೆರಡೋ ಬರಬೇಕು, ಬೆವರಿಳಿಯಬೇಕು, ನಡುವೆ ಒಂದು ಬೀಡಿಯಾಗಬೇಕು, ಇದು ಮೂರನೆಯ ಸುತ್ತಿನ ನಾಲ್ಕನೆಯ ಬೆಣೆಗೇ ಬಾಯಿ ಬಿಟ್ಟಿತು, ಸದ್ದೇ ಇಲ್ಲ, ಒಣಗಿದ ರೊಟ್ಟಿ ಮುರಿದಷ್ಟು, ಚಿಕ್ಕಮಾದಪ್ಪ ಐದನೆಯ ಬೆಣೆಗೆ ಎತ್ತಿದ ಸುತ್ತಿಗೆಯನ್ನು ಹಾಗೇ ಇಳಿಸಿದ. ಅಬ್ಬಾ ಕೈ ಅಂದ್ರೆ ಕೈ ಯಜಮಾನ್ರದ್ದು, ಬೆಣ್ಣೆ ಸೀಳ್ದಂಗೆ ಸೀಳುದ್ರು, ರಂಗರಾಜು ಅನ್ನುತ್ತಲೇ ಇದ್ದ, ಹಾರೆಯಿಂದ ಮೀಟಿದಾಗ ಎರಡು ತುಂಡು ಬೇರೆಯಾದವು, ಮತ್ತೆ ಆ ಮುಖ ಕಂಡಿತು. ಹೊಸದಾಗಿ ಒಡೆದ ಕಡೆ ಸಕ್ಕರೆ ಹರಡಿದ ಹಾಗೆ ಮಿನುಗು, ಅದರ ನಡುವೆ ಅಂಗೈಯಗಲ ಜಾಗದಲ್ಲಿ ಮಿನುಗಿಲ್ಲ, ಕಂದು, ತುಕ್ಕಿನ ಕಂದು, ಯಾವ ಕಾಲದ ಮಳೆಯೋ ಒಳಗಿಳಿದು ಕೂತಿದ್ದ ಕಡೆ ಬಿಟ್ಟ ಬಣ್ಣ, ಬೆರಳಿನಂಥ ಅಂಚುಗಳಿದ್ದವು ಅದಕ್ಕೆ. ಇವತ್ತು ಬಿಟ್ಟ ಬಿರುಕು ಕಂದಾಗಿರುವುದಿಲ್ಲ, ಇದು ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ, ಕಲ್ಲಿನ ಕೆಲಸ ಮಾಡಿದ ಯಾರಿಗೂ. ಲೇ ರಂಗ, ಓಗಿ ನಾಕು ಟೀ ಏಳ್ಬುಟ್ಟು ಬಾ, ಡ್ರೈವರ್‌ಗೂ ಸೇರುಸ್ಕ, ಚಿಕ್ಕಮಾದಪ್ಪ ಅಂದ, ದನಿಯಲ್ಲಿ ಏನೂ ಇರಲಿಲ್ಲ. ರಂಗರಾಜು ಹೋದ. ಚಿಕ್ಕಮಾದಪ್ಪ ಕುಕ್ಕುರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಕಂದನ್ನು ಉಜ್ಜಿದ, ಬೆರಳು ನೋಡಿಕೊಂಡ, ಗೀಟೂ ಸರಿಯಾಗಿ ಇದ್ರ ಮ್ಯಾಲೇ ಎಳ್ದಿದ್ದೀಯ ಅಂದ, ತಲೆಯೆತ್ತಿ ಅವಳ ಬಾಯಿ ನೋಡಿ, ಅವತ್ತೇ ಕೇಳುಸ್ತಾ ನಿಂಗೆ. ಹೂಂ. ಕ್ವಾರೀಲೇ. ಹೂಂ. ಅವನು ಬಯ್ಯುತ್ತಾನೆ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ, ಹೊರಡಲಿ ಅಂದುಕೊಂಡಳು, ಅವನು ಹೊರಡಲಿಲ್ಲ, ಅವತ್ತು ನಿನ್ನ ಯಾಕೆ ಎದ್ರುಗೇ ನಿಲ್ಲುಸ್ಕಂಡಿದ್ದೆ ಅಂದ್ಕಂಡಿದ್ದೆ ನೀನು, ಕಿವಿ ಓಗಿ ಮೂರು ವರ್ಸ ಆಯ್ತು ಕಣವ್ವ, ಕಲ್ಲು ಕೆಟ್ಟಿದ್ರೆ ಕೇಳ್ದೋರ ಮೊಕ ಒಂಚೂರು ಮುರೀತದೆ, ಅದ್ನೇ ನೋಡ್ಕಂಡು ಏಳ್ತಿದ್ದೆ, ಅವತ್ತು ನಡುಕ್ಕೆ ಬಡ್ದು ನಾ ಕಲ್ಲು ನೋಡ್ನಿಲ್ಲ, ನಿನ್ ಮೊಕ ನೋಡ್ದೆ. ಏನೂ ಆಗ್ನಿಲ್ಲ. ಮಿಕ್ಕೋರು ಅತ್ಲಾಗೆ ತಿರುಗಿದ್ರು, ನಿನ್ ಮೊಕವೇ ಸಾಕು ಅಂದ್ಕಂಡೆ, ಓದಿರೋ ಕೂಸು, ಕಿವಿ ಚುರುಕದೆ. ಮೂರು ವರ್ಸದಲ್ಲಿ ಯಾರ ಮೊಕವೂ ನಂಗೆ ಸುಳ್ಳೇಳಿರ್ನಿಲ್ಲ ಕಣವ್ವ.

ಟೀ ಬಂತು, ಕುಡಿದರು, ರಂಗರಾಜು ಯಾರದೋ ಮದುವೆಯ ಊಟದಲ್ಲಿ ಪಾಯಸ ಸಾಲದೆ ಬಂದದ್ದನ್ನು ಹೇಳುತ್ತಿದ್ದ, ಲಾರಿಯ ಡ್ರೈವರು ನಗುತ್ತಿದ್ದ, ಅವಳು ಲೋಟದಲ್ಲಿ ಟೀಯ ಬಣ್ಣ ನೋಡಿದಳು, ಕಂದು, ಪಕ್ಕಕ್ಕಿಟ್ಟಳು. ಅವಳು ಅಂದುಕೊಂಡಿದ್ದದ್ದು ಮರ್ಯಾದೆ, ಹಿರಿಯನ ಮಾತಿಗೆ ಮರ್ಯಾದೆ, ಆಮೇಲೆ ಕರುಣೆ, ಅವನು ಕೇಳಿದ್ದು ಇವೆರಡೂ ಅಲ್ಲ, ಹುಬ್ಬು ಒಂದು ಸ್ವಲ್ಪ ಗಂಟಾದರೆ ಸಾಕಿತ್ತು ಅವನಿಗೆ, ಅಷ್ಟನ್ನೇ ಅವಳು ಕೊಡದೆ ಇಟ್ಟುಕೊಂಡದ್ದು, ಗಂಭೀರ, ಆ ಮುಖ ಹೇಗಿದ್ದಿರಬಹುದು, ಕಲ್ಲಿನ ಆಚೆ ನಿಂತ ಮುದುಕನಿಗೆ ಕಂಡ ಅವಳ ಮುಖ, ನುಣ್ಣಗೆ ಉಜ್ಜಿದ ಕಲ್ಲಿನ ಹಾಗೆ, ಒಳಗೆ ಅಂಗೈಯಗಲ ಕಂದು. ಚಿಕ್ಕಮಾದಪ್ಪ ಎದ್ದ. ಲೋಟ ಇಟ್ಟು ಸಣ್ಣ ಸುತ್ತಿಗೆ ಎತ್ತಿಕೊಂಡ, ರಂಗ ಬೆಲ್ಟು ಆಕ್ಬ್ಯಾಡ ತಾಳು, ಒಡ್ದ ಮ್ಯಾಲೆ ಇನ್ನೊಂದು ಸಲ ಕೇಳ್ಬೇಕು, ರಂಗರಾಜು ಹೂಂ ಕೇಳಿ ಕೇಳಿ ನಿಮ್ಮಷ್ಟು ಯಾರಿಗ್ಗೊತ್ತು ಅಂದ, ಚಿಕ್ಕಮಾದಪ್ಪ ದೊಡ್ಡ ತುಂಡಿನ ಪಕ್ಕ ನಿಂತು ಮೂರು ಸಲ ಬಡಿದ, ಠಣ್ ಠಣ್ ಠಣ್, ಬಡಿದು ನೇರ ಅವಳ ಮುಖ ನೋಡಿದ. ಅವಳಿಗೆ ತನ್ನ ಮುಖ ಏನು ಮಾಡುತ್ತಿದೆಯೆಂದು ಗೊತ್ತಿಲ್ಲ, ನಂಬಿಕೆಯಿಲ್ಲ ಅದರ ಮೇಲೆ, ತುಟಿಗಳನ್ನು ಅಲ್ಲಾಡಿಸಿದಳು, ದನಿಯಿಲ್ಲದೆ, ಮಾತಾಡ್ತದೆ. ಮಾತಾಡ್ತದೆ ಎತ್ತು ಅಂದ ಅವನು, ಜೋರಾಗಿ. ಇಷ್ಟೇ. ಇಷ್ಟು ಸಾಕಿತ್ತು, ರಂಗರಾಜುವಿಗೆ ಏನೂ ಕೇಳಿಸಲಿಲ್ಲ, ಅವತ್ತು ಹೀಗೆ ಹೇಳಿದ್ದರೆ ಕ್ವಾರಿಯ ಆರು ಜನಕ್ಕೂ ಏನೂ ಕೇಳಿಸುತ್ತಿರಲಿಲ್ಲ. ಸಣ್ಣ ತುಂಡಿಗೆ ಹೋದ, ನಡುಗಡ್ಡೆಯ ಬಾಲದ ಕಡೆಯದ್ದು, ನೀರಿನ ಗುರುತುಗಳನ್ನು ಅವಳು ಒಂದರ ಕೆಳಗೊಂದು ಇಪ್ಪತ್ತಮೂರು ಗೆರೆಯಾಗಿ ಕೆತ್ತಿರುವುದು ಅದರ ಮೇಲೆಯೇ, ಕೊನೆಯ ನಾಲ್ಕು ತಿಂಗಳಲ್ಲಿ ಹೆಚ್ಚುಪಾಲು ಅದಕ್ಕೇ ಹೋದದ್ದು, ಅವನು ತುದಿಗೆ ಬಡಿದ, ಠಣ್, ಒಡೆದ ಅಂಚಿನ ಹತ್ತಿರ ಬಡಿದ, ಡಕ್, ಬಿರುಕಿನ ಇನ್ನೊಂದು ಕವಲು ಒಳಗೆ ಹೋಗಿದೆ, ಎಷ್ಟು ಉದ್ದಕ್ಕೋ, ಮಕ್ಕಳು ಕೂರುವಷ್ಟು ಎತ್ತರ ಅದು, ಡಕ್, ಅವನು ಮತ್ತೆ ಬಡಿಯಲಿಲ್ಲ, ಸುತ್ತಿಗೆಯನ್ನು ಕೆಳಗೆ ಬಿಟ್ಟು ಅವಳ ಬಾಯಿಯನ್ನೇ ನೋಡಿಕೊಂಡು ನಿಂತ. ಹೊಳೆದಂಡೆಯಲ್ಲಿ ಪೀಠ ಏಳಡಿಗೆ ಕಟ್ಟಿಯಾಗಿದೆ. ಅಜ್ಜಿ ಬೆಳಿಗ್ಗೆ ಎರಡು ಸಲ ಫೋನು ಮಾಡಿದ್ದಳು. ಇಲ್ಲ ತಾತ. ತುಟಿಗಳಷ್ಟೇ. ಇಲ್ಲ, ಮಾತಾಡೋದಿಲ್ಲ. ಅವನು ತಲೆಯಾಡಿಸಿದ, ಸ್ವಲ್ಪವೇ, ಬೇರೆ ಯಾರಿಗೂ ಕಾಣದಷ್ಟು, ಆಮೇಲೆ ರಂಗರಾಜುವಿನ ಕಡೆ ತಿರುಗಿ, ಇದು ಬ್ಯಾಡ ಕಣ್ಲಾ, ಇದು ಮಾತಾಡಕ್ಕಿಲ್ಲ, ದೊಡ್ಡದೊಂದೇ ಓಗ್ಲಿ. ಒಂದೇನಾ, ದ್ವೀಪ ಅರ್ಧ ಆಯ್ತಲ್ಲ ಮೇಡಂ, ರಂಗರಾಜು ಅಂದ, ಅವಳು ಆಯ್ತು ಅಂದಳು, ಈ ಸಲ ದನಿ ಬಂತು. ಬೆಲ್ಟು ಬಿಗಿಯಿತು, ಹೈಡ್ರಾ ಗುರುಗುಟ್ಟಿತು, ಅರ್ಧ ನಡುಗಡ್ಡೆ ನೆಲ ಬಿಟ್ಟು ಒಂದಡಿ, ಎರಡಡಿ, ಚಿಕ್ಕಮಾದಪ್ಪ ಕೈಯಿಟ್ಟ, ಆದರೂ ಅದು ತೂಗುತ್ತ ಮೆಲ್ಲಗೆ ತಿರುಗಿತು, ಮಲಗಿದ ಬೆನ್ನು ಕಂಡಿತು, ಮಗ್ಗುಲು ಕಂಡಿತು, ಒಡೆದ ಮುಖ ಅವಳ ಕಡೆಗೆ ಬಂತು, ಸಕ್ಕರೆಯ ಮಿನುಗಿನ ನಡುವೆ ಕಂದು, ಹೋಯಿತು, ಅಲ್ಲಿ ಪೀಠದ ಉಳಿದರ್ಧವನ್ನು ಏನು ಮಾಡುವುದು ಎಂದು ಯೋಚಿಸಬೇಕು, ಅಜ್ಜಿಗೆ ಫೋನು ಮಾಡಬೇಕು, ಸೋಮವಾರ ಯಳಂದೂರಿಗೆ ಹೋಗಬೇಕು, ಮಗ್ಗುಲು, ಬೆನ್ನು, ತಿರುಗಿ ಮತ್ತೆ ಬಂತು, ಅವನ ಕೈಯ ಪಕ್ಕದಲ್ಲೇ, ಅವನ ಕೈಯಷ್ಟೇ ಅಗಲಕ್ಕೆ, ಕಂದು, ಅಜ್ಜಿಗೆ ಏನು ಹೇಳುವುದೆಂದು, ಬೆನ್ನು, ಮಗ್ಗುಲು, ಕಂದು —